ಟಾಸ್ ಮೇಲೆ ಯಾಕೆ ಸಿಟ್ಟು?

ಪ್ರಶ್ನೆ: ಮಾಸ್ತರೇ, ನನ್ನ ಮಗ ಅಮೆರಿಕದ ಅಟ್ಲಾಂಟಾದಲ್ಲಿದ್ದಾನೆ. 2017ರ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್‌ನ ಫೈನಲ್) ಮಾತು ಬಂದರೆ ಈಗಲೂ ಮುಖ ಸಿಂಡರಿಸುತ್ತಾನೆ. 28-3ರಿಂದ ಮುಂದಿದ್ದ ಅಟ್ಲಾಂಟಾ ಫಾಲ್ಕನ್ಸ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು 34-28ರಿಂದ ಸೋತಿತಂತೆ. ಓವರ್‌ಟೈಮ್‌ನಲ್ಲಿ ಟಾಸ್ ಸೋತಿದ್ದಕ್ಕೆ ಅವರ ಕೈಗೆ ಚೆಂಡೇ ಸಿಗಲಿಲ್ಲವಂತೆ. ಅನ್ಯಾಯ ಅಲ್ವಾ?
— ಒಬ್ಬ ಓದುಗರು, ಬೆಟಗೇರಿ

ಉತ್ತರ: ಅನ್ಯಾಯವೇ. ಆದರೆ ಫಾಲ್ಕನ್ಸ್ ಸೋತದ್ದು ಟಾಸ್‌ನಿಂದಲ್ಲ.

ಹ್ಯೂಸ್ಟನ್‌ನಲ್ಲಿ ಭಾನುವಾರ ಸಂಜೆ, ನಮಗೆ ಸೋಮವಾರ ಬೆಳಗಿನ ಐದು. ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ಅಳಿಯನ ಲ್ಯಾಪ್‌ಟಾಪ್ ಮುಂದೆ ಕಂಬಳಿ ಹೊದ್ದು ಕೂತಿದ್ದೆ. 28-3 ಆಯಿತು. ಮುಗೀತು ಬಿಡು ಅಂತ ಎದ್ದು, ಸ್ನಾನ ಮಾಡಿ, ಸುಸಲಾ ಮಿರ್ಚಿ ತಿಂದು ಬಂದರೆ 28-20! ಎಣ್ಣೆ ಕೈಯಲ್ಲೇ ಕೂತುಬಿಟ್ಟೆ.

ಅಸಲಿ ಎಡವಟ್ಟು ಆದದ್ದು ಆಮೇಲೆ. ಸುಮಾರು ನಾಲ್ಕೂವರೆ ನಿಮಿಷ ಬಾಕಿ. ಫಾಲ್ಕನ್ಸ್‌ನ ಹೂಲಿಯೊ ಜೋನ್ಸ್ ಸೈಡ್‌ಲೈನ್ ಪಕ್ಕ ಹಾರಿ ಚೆಂಡು ಹಿಡಿದು, ಬೆರಳ ತುದಿಯನ್ನು ಗೆರೆಯ ಒಳಗೇ ಊರಿದ. ಅಲ್ಲಿಂದ ಎದುರಾಳಿಯ ಗೋಲ್ ಲೈನ್ ಬರೀ 22 ಗಜ. ಚೆಂಡನ್ನು ಕಂಬಗಳ ನಡುವೆ ಒದ್ದರೆ 3 ಅಂಕ, 31-20. ಚೆಂಡನ್ನು ಗೋಲ್ ಲೈನ್ ದಾಟಿಸುವ ಟಚ್‌ಡೌನ್‌ಗೆ 6, ಅದರ ಬೆನ್ನಿಗೆ ಹೆಚ್ಚೆಂದರೆ 2. ಹಾಗಾಗಿ 8 ಅಂಕದ ಅಂತರ ಒಂದೇ ಸಲಕ್ಕೆ ಅಳಿಯುತ್ತದೆ, 11 ಅಳಿಯೋದಿಲ್ಲ. ಚೆಂಡು ಕಂಕುಳಲ್ಲಿಟ್ಟು ಮೂರು ಸಲ ಓಡಿ, ಹೊತ್ತು ಕಳೆದು, ಆಮೇಲೆ ಒದ್ದಿದ್ದರೆ ಸಾಕಿತ್ತು.

ಒಂದೇ ಸಲ ಓಡಿದರು. ಮುಂದೆ ಎಸೆಯಲು ನಿಂತ ಫಾಲ್ಕನ್ಸ್‌ನ ಮ್ಯಾಟ್ ರಯಾನ್‌ನನ್ನು ಪೇಟ್ರಿಯಟ್ಸ್ ಕೆಡವಿದರು, 12 ಗಜ ಹಿಂದಕ್ಕೆ. ಆಮೇಲೆ ಫಾಲ್ಕನ್ಸ್ ಆಟಗಾರನೊಬ್ಬ ಎದುರಾಳಿಯನ್ನು ಹಿಡಿದ ತಪ್ಪಿಗೆ ಇನ್ನೂ 10 ಗಜ. ಒದೆಯುವ ದೂರವೇ ಕೈಬಿಟ್ಟಿತು.

ನಾನು ಪಿ.ಟಿ. ಮಾಸ್ತರನಾಗಿದ್ದಾಗ ಕಬಡ್ಡಿ ಹುಡುಗರಿಗೆ ಇದನ್ನೇ ಕೂಗಿ ಕೂಗಿ ಹೇಳುತ್ತಿದ್ದೆ: ಮುಂದಿದ್ದೀರಿ, ಕೊನೇ ರೇಡು, ಬಾಕ್ ಲೈನ್ ದಾಟಿ ಸುಮ್ನೆ ವಾಪಸ್ ಬಾ, ಬೋನಸ್ ಬೇಡ. ಒಬ್ಬ ಬೋನಸ್‌ಗೇ ಕಾಲು ಚಾಚಿದ. ಹಿಮ್ಮಡಿ ಹಿಡಿದು ಎಳೆದರು. ಆ ಕಪ್ಪು ಬೇರೆ ಶಾಲೆಯ ಕಪಾಟಿನಲ್ಲಿದೆ.

ಆಮೇಲಿನದು ಪೇಟ್ರಿಯಟ್ಸ್ ಪರ ಚೆಂಡು ಎಸೆಯುವ ಟಾಮ್ ಬ್ರೇಡಿಯ ಆಟ. ಅವನ ತಂಡ 91 ಗಜ ಬಂದಿತು. ನಡುವೆ ಎದುರಾಳಿಯ ಕೈಗೆ ಬಡಿದು ಚಿಮ್ಮಿದ ಚೆಂಡನ್ನು ಜೂಲಿಯನ್ ಎಡಲ್‌ಮನ್ ಮೂವರ ಕಾಲುಗಳ ನಡುವೆ, ನೆಲಕ್ಕೆ ನಾಲ್ಕು ಬೆರಳಷ್ಟೇ ಇರುವಾಗ ಹಿಡಿದ. ನಾನಂತೂ ನೆಲಕ್ಕೆ ಬಿತ್ತು ಅಂತಲೇ ಅಂದುಕೊಂಡಿದ್ದೆ. 57 ಸೆಕೆಂಡ್ ಇದ್ದಾಗ 28-28. ಸೂಪರ್ ಬೌಲ್ ಇತಿಹಾಸದ ಮೊದಲ ಓವರ್‌ಟೈಮ್.

ಆಗಿನ ನಿಯಮದಲ್ಲಿ ಮೊದಲು ಚೆಂಡು ಪಡೆದವರು ಟಚ್‌ಡೌನ್ ಮಾಡಿದರೆ ಆಟ ಖಲಾಸ್. ಟಾಸ್ ಗೆದ್ದ ಪೇಟ್ರಿಯಟ್ಸ್ ಅದನ್ನೇ ಮಾಡಿದರು. 2022ರಲ್ಲಿ ಪ್ಲೇಆಫ್‌ಗೆ ನಿಯಮ ಬದಲಾಯಿತು, ಈಗ ಇಬ್ಬರಿಗೂ ಸರದಿ ಉಂಟು. 2024ರ ಸೂಪರ್ ಬೌಲ್‌ನಲ್ಲಿ ಟಾಸ್ ಗೆದ್ದ ಸ್ಯಾನ್ ಫ್ರಾನ್ಸಿಸ್ಕೊ ಮೊದಲು ಆಡಿ 3 ಅಂಕ ಮಾಡಿತು. ಕಾನ್ಸಾಸ್ ಸಿಟಿ ಟಚ್‌ಡೌನ್ ಹೊಡೆದು 25-22ರಿಂದ ಗೆದ್ದಿತು.

ಮಗ ಫೋನ್ ಮಾಡಿದಾಗ ಟಾಸ್ ವಿಷಯಕ್ಕೆ ಹೂಂ ಅನ್ನಿ. ಆ 22 ಗಜದ ಮಾತು ಎತ್ತಬೇಡಿ.