ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಗಾನ್ ಶಿಬಿರದ ಸುರಂಗ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸಾಗಾನ್ ಶಿಬಿರದಿಂದ ಕೈದಿಗಳು ನೂರು ಮೀಟರ್ ಸುರಂಗ ತೋಡಿ ಪಾರಾದರು ಎಂದು ಓದಿದೆ. ಅಷ್ಟು ಮಣ್ಣು ಎಲ್ಲಿಗೆ ಹೋಯಿತು? ಕಾವಲಿನವರ ಕಣ್ಣಿಗೆ ಬೀಳಲಿಲ್ಲವೇ? (ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದೀರಿ. ಅಲ್ಲಿ ತೋಡುವುದಕ್ಕಿಂತ ತೋಡಿದ್ದನ್ನು ಕರಗಿಸುವುದೇ ದೊಡ್ಡ ಕೆಲಸವಾಗಿತ್ತು. ಸಾಗಾನ್ (ಈಗ ಪೋಲೆಂಡಿನ ಝಗಾನ್) ವಾಯುಪಡೆಯ ಕೈದಿಗಳ ಶಿಬಿರ. ಅಲ್ಲಿ ಮೇಲ್ಮಣ್ಣು ಬೂದು ಬಣ್ಣ, ಒಂದಡಿ ಕೆಳಗೆ ಹೋದರೆ ಹೊಳೆಯುವ ಹಳದಿ ಮರಳು. ಹಿಡಿ ಮರಳು ಅಂಗಳದಲ್ಲಿ ಚೆಲ್ಲಿದರೂ ದೂರದಿಂದಲೇ ಗುರುತು ಸಿಗುತ್ತದೆ. ಕೈದಿಗಳಿದ್ದ ಮನೆಗಳ ಅಡಿಯಲ್ಲಿ ಇಣುಕಿ ನೋಡಲು ಅನುಕೂಲವಾಗಲೆಂದೇ ಅವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟಿದ್ದರು. ಅಗೆತದ ಸದ್ದು ಹಿಡಿಯಲು ಬೇಲಿಯ ಸುತ್ತ ನೆಲದೊಳಗೆ ಮೈಕ್ರೋಫೋನ್ ಹೂತಿದ್ದರು.

ಲೆಕ್ಕ ಹಾಕಿ ನೋಡಿ. 60 ಸೆಂ.ಮೀ. ಅಗಲ, ಅಷ್ಟೇ ಎತ್ತರ, 102 ಮೀಟರ್ ಉದ್ದ ಎಂದರೆ ಸುಮಾರು 37 ಘನ ಮೀಟರ್. ತೂಕ ಐವತ್ತು ಟನ್ನಿಗೂ ಮೇಲೆ. ಇದು ‘ಹ್ಯಾರಿ’ ಎಂಬ ಒಂದೇ ಸುರಂಗದ್ದು. ಒಂದು ಸಿಕ್ಕಿಬಿದ್ದರೆ ಇನ್ನೊಂದಿರಲಿ ಎಂದು, ಪಾರಾಗುವ ಯೋಜನೆಯ ಮುಂದಾಳಾಗಿದ್ದ ಕೈದಿ ರೋಜರ್ ಬುಶೆಲ್‌ನ ತಂಡ 1943ರಲ್ಲಿ ‘ಟಾಮ್’, ‘ಡಿಕ್’, ‘ಹ್ಯಾರಿ’ ಮೂರನ್ನೂ ಒಟ್ಟಿಗೆ ಶುರುಮಾಡಿತ್ತು.

ಮರಳು ಸಾಗಿಸುವವರಿಗೆ ‘ಪೆಂಗ್ವಿನ್’ ಎಂದು ಹೆಸರು, ಭಾರಕ್ಕೆ ಅವರ ನಡಿಗೆ ಹಾಗೆ ತೊನೆಯುತ್ತಿತ್ತು. ಉದ್ದನೆಯ ಒಳಚಡ್ಡಿಯ ಕಾಲನ್ನು ಕತ್ತರಿಸಿ ಚೀಲ ಹೊಲಿದು, ಪ್ಯಾಂಟಿನೊಳಗೆ ಎರಡೂ ಕಡೆ ಇಳಿಬಿಡುತ್ತಿದ್ದರು. ಚೀಲದ ಬಾಯಿ ಕೆಳಗೆ, ಅದಕ್ಕೊಂದು ಪಿನ್ನು, ಪಿನ್ನಿಗೆ ಕಟ್ಟಿದ ದಾರ ಪ್ಯಾಂಟಿನ ಜೇಬಿಗೆ. ತರಕಾರಿ ಪಾತಿಯ ಬಳಿ ನಿಂತು ದಾರ ಎಳೆದರೆ ಮರಳು ಬೂಟಿನ ಮೇಲೆ ಸುರಿಯುತ್ತದೆ. ಅದನ್ನು ಕಾಲಿನಿಂದ ಕೆದಕಿ ಬೂದು ಮಣ್ಣಿನಲ್ಲಿ ಬೆರೆಸಬೇಕು. ಒಂದೇ ಕಡೆ ಸುರಿದರೆ ಹಳದಿ ಕಲೆ ನಿಲ್ಲುತ್ತದೆ. ಇಷ್ಟೆಲ್ಲ ಎಚ್ಚರವಿದ್ದೂ ‘ಟಾಮ್’ 1943ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿತ್ತು. ಬಳಿಕ ‘ಡಿಕ್’ ಅನ್ನೇ ಮರಳು ತುಂಬುವ ಉಗ್ರಾಣ ಮಾಡಿಕೊಂಡರು. ಚಳಿಗಾಲ ಬಂತು, ನೆಲದ ತುಂಬ ಹಿಮ, ಹೊರಗೆ ಸುರಿಯುವ ಮಾತೇ ಇಲ್ಲ. 1944ರ ಜನವರಿಯಿಂದ ಶಿಬಿರದ ನಾಟಕಶಾಲೆಯ ಆಸನಗಳ ಅಡಿಯ ಟೊಳ್ಳಿಗೆ ಸುರಿದರು.

ಪ್ರಶ್ನೆ: ಮರಳಿನಲ್ಲಿ ಸುರಂಗ ನಿಲ್ಲುವುದಾದರೂ ಹೇಗೆ? ಒಳಗೆ ಉಸಿರಾಟಕ್ಕೆ? (ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ತಾನಾಗಿ ನಿಲ್ಲುವುದಿಲ್ಲ. ಅಗೆದ ಪ್ರತಿ ಗೇಣಿಗೂ ಮರದ ಚೌಕಟ್ಟು ಕೊಡಬೇಕು. ಆ ಹಲಗೆ ಬಂದದ್ದು ಕೈದಿಗಳ ಮಂಚಗಳಿಂದ. ಒಟ್ಟು ಸುಮಾರು 4,000 ಹಲಗೆ ಬಿಚ್ಚಿದರು. ಇಪ್ಪತ್ತರಷ್ಟು ಹಲಗೆ ಇರುತ್ತಿದ್ದ ಮಂಚದಲ್ಲಿ ಕೊನೆಗೆ ಎಂಟು ಉಳಿದವು. ಅಡಿಗೆ ಒಂದು, ಪಕ್ಕಕ್ಕೆ ಎರಡು, ತಲೆಯ ಮೇಲೊಂದು. ತುದಿಗಳಿಗೆ ಕಚ್ಚು ಹಾಕಿ ಒಂದಕ್ಕೊಂದು ಕೂಡಿಸುತ್ತಿದ್ದರು, ಮರಳಿನ ಒತ್ತಡವೇ ಅವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅಪಾಯವಿದ್ದದ್ದು ಕೊನೆಯ ಚೌಕಟ್ಟಿನ ಮುಂದೆ, ಇನ್ನೂ ಹಲಗೆ ಕೂಡಿಸದ ಆ ಚೂರು ಜಾಗದಲ್ಲಿ. ಅಲ್ಲಿ ಸದ್ದಿಲ್ಲದೆ ಮರಳು ಜಾರಿ, ಅಗೆಯುವವನ ತಲೆ ಹೂತುಹೋಗುತ್ತಿತ್ತು. ಹಿಂದಿರುವವನು ಕಾಲು ಹಿಡಿದು ಎಳೆಯಬೇಕು. ಒಬ್ಬನನ್ನೇ ಎಂದೂ ಅಗೆಯಲು ಬಿಡದಿದ್ದದ್ದು ಅದಕ್ಕೇ.

‘ಹ್ಯಾರಿ’ಯ ಬಾಯಿ 104ನೇ ಮನೆಯ ಒಲೆಯ ಕೆಳಗಿತ್ತು. ಮನೆ ಕಂಬದ ಮೇಲಿದ್ದರೂ ಒಲೆಯ ಅಡಿಪಾಯ ಮಾತ್ರ ನೆಲಕ್ಕೆ ಕೂತಿತ್ತು, ಆದ್ದರಿಂದ ಅದನ್ನು ಕೊರೆದು ಇಳಿದರೆ ಹೊರಗಿನಿಂದ ಏನೂ ಕಾಣದು. ಒಲೆ ಉರಿಯುತ್ತಲೇ ಇದ್ದರೆ ಅದನ್ನು ಸರಿಸಿ ನೋಡುವ ಮನಸ್ಸು ಯಾರಿಗೂ ಬರುವುದಿಲ್ಲ. ಅಲ್ಲಿಂದ ಸುಮಾರು 9 ಮೀಟರ್ ಆಳದ ಬಾವಿ, ಮೈಕ್ರೋಫೋನಿಗೆ ಸದ್ದು ಮುಟ್ಟದಿರಲಿ ಎಂದು.

ಗಾಳಿಗೆ ನಮ್ಮ ಕಮ್ಮಾರರ ತಿದಿಯಂಥದ್ದೇ ಏರ್ಪಾಡು. ಕ್ಯಾನ್ವಾಸ್ ಸಾಮಾನು ಚೀಲವನ್ನು ಮರದ ಚೌಕಟ್ಟಿಗೆ ಕೂಡಿಸಿ, ಒಬ್ಬ ಕುಳಿತು ದೋಣಿಯ ಹುಟ್ಟು ಹಾಕುವಂತೆ ಹಿಂದೆ ಮುಂದೆ ಎಳೆಯುತ್ತಿದ್ದ. ರೆಡ್ ಕ್ರಾಸ್ ಪೊಟ್ಟಣದಲ್ಲಿ ಬರುತ್ತಿದ್ದ ‘ಕ್ಲಿಮ್’ ಹಾಲಿನಪುಡಿ ಡಬ್ಬಿಗಳ ಎರಡೂ ತುದಿ ಕತ್ತರಿಸಿ, ಒಂದಕ್ಕೊಂದು ಸೇರಿಸಿ, ಡಾಂಬರು ಕಾಗದ ಸುತ್ತಿದರೆ ಕೊಳವೆ. ಅದು ಸುರಂಗದ ತಳದಡಿ ಹಾದು ಅಗೆಯುವ ತುದಿಯವರೆಗೆ ಹೋಗುತ್ತಿತ್ತು. ದೀಪಕ್ಕೆ ಮೊದಲು ಸೂಪಿನ ಮೇಲೆ ತೇಲುವ ಕೊಬ್ಬು, ಬತ್ತಿಗೆ ಪೈಜಾಮದ ಲಾಡಿ. ಅದರ ಹೊಗೆ ಇದ್ದ ಗಾಳಿಯನ್ನೂ ಕೆಡಿಸುತ್ತಿತ್ತು. ಆಮೇಲೆ ಕದ್ದ ತಂತಿಯಿಂದ ಶಿಬಿರದ ವಿದ್ಯುತ್ತನ್ನೇ ಒಳಗೆಳೆದರು.

ಪ್ರಶ್ನೆ: ದಿಕ್ಸೂಚಿಯನ್ನೂ ಅಲ್ಲೇ ಮಾಡಿದರಂತೆ, ಹೌದೇ? (ಓದುಗರೊಬ್ಬರು, ಶಿರಸಿ)

ಉತ್ತರ: ಹೌದು. ಗ್ರಾಮಫೋನ್ ತಟ್ಟೆಯನ್ನು ಬಿಸಿಮಾಡಿದರೆ ಹಿಟ್ಟಿನಂತೆ ಮೆದುವಾಗುತ್ತದೆ, ಅದನ್ನು ಅಚ್ಚಿಗೆ ಒತ್ತಿದರೆ ಕರಂಡಕ. ಬ್ಲೇಡಿನ ಸೀಳನ್ನು ಆಯಸ್ಕಾಂತಕ್ಕೆ ಉಜ್ಜಿದರೆ ಮುಳ್ಳು. ಮುಚ್ಚಳಕ್ಕೆ ಒಡೆದ ಕಿಟಕಿಯ ಗಾಜು. ಈ ಕೆಲಸದ ಮುಖ್ಯಸ್ಥ ಆಸ್ಟ್ರೇಲಿಯಾದ ಆಲ್ಬರ್ಟ್ ಹೇಕ್. ಹೊರಬಂದ ಮೇಲೆ ಸೆರೆಸಿಕ್ಕಿ ಕೊಲೆಯಾದವರಲ್ಲಿ ಆತನೂ ಒಬ್ಬ.

ಪ್ರಶ್ನೆ: ಇನ್ನೂರು ಜನ ಸಿದ್ಧರಿದ್ದರೂ ಹೊರಬಿದ್ದವರು 76 ಮಾತ್ರ. ಎಲ್ಲಿ ತಪ್ಪಿತು? (ಶಿಕ್ಷಕಿ, ಧಾರವಾಡ)

ಉತ್ತರ: 1944ರ ಮಾರ್ಚ್ 24ರ ರಾತ್ರಿ ಒಂದರ ಮೇಲೊಂದು ಎಡವಟ್ಟು. ಹೊರಬಾಗಿಲಿನ ಹಲಗೆ ಹಿಮಗಟ್ಟಿತ್ತು, ಬಿಡಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ತೆರೆದು ನೋಡಿದರೆ ಸುರಂಗ ಕಾಡಿನ ಅಂಚನ್ನು ಮುಟ್ಟಿಯೇ ಇರಲಿಲ್ಲ, ಬಯಲಿನಲ್ಲಿ, ಕಾವಲುಗೋಪುರದ ಹತ್ತಿರವೇ ಬಾಯಿಬಿಟ್ಟಿತ್ತು. ಹಿಮದ ಮೇಲೆ ತೆವಳುವವನು ಕಪ್ಪಗೆ ಕಾಣುತ್ತಾನೆ. ಹಾಗಾಗಿ ಹಗ್ಗ ಜಗ್ಗಿ ಸನ್ನೆ ಕೊಟ್ಟಾಗಲಷ್ಟೇ ಒಬ್ಬೊಬ್ಬರು ಹೊರಡಬೇಕಾಯಿತು. ನಿಮಿಷಕ್ಕೊಬ್ಬರ ಲೆಕ್ಕ ಗಂಟೆಗೆ ಹತ್ತು ಹನ್ನೆರಡಕ್ಕೆ ಇಳಿಯಿತು. ನಡುವೆ ವಾಯುದಾಳಿಯ ಎಚ್ಚರಿಕೆಗೆ ವಿದ್ಯುತ್ ಹೋಗಿ ಸುರಂಗ ಕತ್ತಲಾಯಿತು, ಒಂದು ಕಡೆ ಕುಸಿತವೂ ಆಯಿತು. ಬೆಳಗಿನ ಐದರ ಸುಮಾರಿಗೆ 77ನೆಯವನು ಕಾವಲಿನವನ ಕಣ್ಣಿಗೆ ಬಿದ್ದ.

ಹೊರಬಿದ್ದವರಲ್ಲಿ 73 ಜನ ಮತ್ತೆ ಸೆರೆಯಾದರು. 1929ರ ಜಿನೀವಾ ಒಪ್ಪಂದದಂತೆ ತಪ್ಪಿಸಿಕೊಳ್ಳಲು ಯತ್ನಿಸಿದ ಯುದ್ಧಕೈದಿಗೆ ಶಿಸ್ತಿನ ಶಿಕ್ಷೆಯಷ್ಟೇ, ಹೆಚ್ಚೆಂದರೆ 30 ದಿನದ ಕೋಣೆವಾಸ. ಆದರೂ ಹಿಟ್ಲರನ ಆಜ್ಞೆಯಂತೆ ಗೆಸ್ಟಾಪೊ (ನಾಜಿಗಳ ಗುಪ್ತ ಪೊಲೀಸ್ ಪಡೆ) ಅವರಲ್ಲಿ 50 ಜನರನ್ನು ಗುಂಡಿಟ್ಟು ಕೊಂದಿತು. ಬುಶೆಲ್ ಕೂಡ ಉಳಿಯಲಿಲ್ಲ. ಇದನ್ನು ಯುದ್ಧದ ಕಾವಿನಲ್ಲಿ ನಡೆದದ್ದು ಎನ್ನುವಂತಿಲ್ಲ, ಶುದ್ಧ ಕೊಲೆ. ಪೂರ್ತಿ ಪಾರಾದವರು ಮೂವರು: ನಾರ್ವೆಯ ಪೆರ್ ಬರ್ಗ್ಸ್‌ಲಾಂಡ್ ಮತ್ತು ಯೆನ್ಸ್ ಮ್ಯೂಲರ್, ಹಾಲೆಂಡಿನ ಬ್ರಾಮ್ ವಾನ್ ಡೆರ್ ಸ್ಟಾಕ್.

ಪ್ರಶ್ನೆ: ಭಾರತೀಯ ಕೈದಿಗಳು ಯಾರೂ ತಪ್ಪಿಸಿಕೊಂಡಿಲ್ಲವೇ? (ನಿವೃತ್ತ ಯೋಧರು, ಮಡಿಕೇರಿ)

ಉತ್ತರ: ಅದೂ ಸಾಗಾನ್‌ಗಿಂತ ಎಷ್ಟೋ ದೊಡ್ಡ ಸಂಖ್ಯೆಯಲ್ಲಿ! ಫ್ರಾನ್ಸಿನ ಎಪಿನಾಲ್‌ನಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ಕೈದಿಗಳನ್ನು ಇಟ್ಟಿದ್ದರು. 1944ರ ಮೇ 11ರಂದು ಅಮೆರಿಕದ ವಿಮಾನಗಳ ಬಾಂಬುಗಳು ಶಿಬಿರದ ಮೇಲೂ ಬಿದ್ದು ಗೋಡೆ ಒಡೆಯಿತು. ಅನೇಕರು ಅಲ್ಲೇ ಸತ್ತರು, ಬದುಕಿದವರು ಹೊರಗೆ ನುಗ್ಗಿದರು. ಭಾಷೆ ಬರದು, ಕೈಯಲ್ಲಿ ನಕಲಿ ಗುರುತುಪತ್ರವೂ ಇಲ್ಲ, ಮೈಬಣ್ಣವೇ ಗುರುತು. ಫ್ರಾನ್ಸಿನ ಹಳ್ಳಿಯವರು ಅನ್ನ ಕೊಟ್ಟು, ಕೊಟ್ಟಿಗೆಗಳಲ್ಲಿ ಬಚ್ಚಿಟ್ಟು ದಾರಿ ತೋರಿಸಿದರು. ಹಾಗೆ ನಡೆದೇ ಸ್ವಿಟ್ಜರ್ಲೆಂಡಿನ ಗಡಿ ದಾಟಿದವರು ಸುಮಾರು 500 ಮಂದಿ.