ಬೋರ್ಡ್ ಮುಟ್ಟಲೂ ಮನಸ್ಸಿಲ್ಲ ಎನ್ನುವವರಿಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಚೆಸ್

ಮಳೆ ಹಿಡಿದ ಮೇಲೆ ಕೊಡಗಿನಿಂದ ಬಂದ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣಿಸಿತು. ಆಟ ಗೊತ್ತಿದೆ, ಆಡುವ ಮನಸ್ಸು ಮಾತ್ರ ಇಲ್ಲ. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಮೊದಲ ಪಿಯುಸಿ ಓದುತ್ತಿದ್ದೇನೆ. ಆರನೇ ಕ್ಲಾಸಿನಿಂದ ಚೆಸ್ ಆಡುತ್ತಿದ್ದೇನೆ. ಮೂರು ಟೂರ್ನಮೆಂಟ್‌ಗಳಲ್ಲಿ ನನ್ನ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್, ಅಂದರೆ ಆಟದ ಬಲ ಅಳೆಯುವ ಅಂಕಿ, 1684ರಿಂದ 1571ಕ್ಕೆ ಬಿತ್ತು. ಕೋಚ್ ಸರ್ ಇನ್ನೂ ಜಾಸ್ತಿ ಪಜಲ್ ಮಾಡು ಅಂತಾರೆ. ದಿನಕ್ಕೆ ಮೂರು ಗಂಟೆ ಮಾಡುತ್ತಿದ್ದೇನೆ. ಈಗ ಬೋರ್ಡ್ ತೆಗೆದರೆ ಹೊಟ್ಟೆ ತೊಳಸಿದಂತಾಗುತ್ತದೆ. ಚೆಸ್ ಬಿಟ್ಟುಬಿಡಲಾ?
(ವಿದ್ಯಾರ್ಥಿನಿ, ಗೋಣಿಕೊಪ್ಪ)

ಉತ್ತರ: ಮೊದಲು ಆ 113 ಅಂಕದ ಲೆಕ್ಕ ಮುಗಿಸೋಣ. ನಿನ್ನ ಎದೆಯ ಮೇಲೆ ಕೂತಿರುವುದು ಅದೇ. 18 ತುಂಬುವ ವರ್ಷದ ಕೊನೆಯವರೆಗೆ, ರೇಟಿಂಗ್ 2300ರ ಕೆಳಗಿರುವಷ್ಟು ಕಾಲ, ಫಿಡೆ ಲೆಕ್ಕದಲ್ಲಿ ಆಟಗಾರರ ‘ಕೆ’ 40. ಅಂದರೆ ಎದುರಾಳಿಗಳ ರೇಟಿಂಗ್ ನೋಡಿ ಹಾಕುವ ನಿರೀಕ್ಷೆಗಿಂತ ಒಂದು ಅಂಕ (ಗೆಲುವಿಗೆ 1, ಡ್ರಾಗೆ ಅರ್ಧ) ಕಡಿಮೆ ಗಳಿಸಿದರೆ ರೇಟಿಂಗ್‌ನಲ್ಲಿ 40 ಹೋಗುತ್ತದೆ, ಹೆಚ್ಚು ಗಳಿಸಿದರೆ 40 ಬರುತ್ತದೆ. 113ನ್ನು 40ರಿಂದ ಭಾಗಿಸು, 2.8 ಬರುತ್ತದೆ. ಒಂದೊಂದು ಟೂರ್ನಮೆಂಟಿಗೆ ಒಂಬತ್ತು ಸುತ್ತು ಎಂದು ಹಿಡಿದರೆ 27 ಆಟ. ಅಷ್ಟು ಆಟಗಳಲ್ಲಿ ನೀನು ನಿರೀಕ್ಷೆಗಿಂತ ಕಡಿಮೆ ಗಳಿಸಿದ್ದು ಮೂರು ಅಂಕವೂ ಅಲ್ಲ. ಗೆಲ್ಲಬೇಕಿದ್ದ ಆರು ಆಟ ಡ್ರಾ ಆದರೆ ಇಷ್ಟು ಆಗಿಬಿಡುತ್ತದೆ. ಇದೇ ಫಲಿತಾಂಶ 30 ರೇಟೆಡ್ ಆಟ ದಾಟಿದ ಒಬ್ಬ ದೊಡ್ಡವರಿಗೆ ಬಂದಿದ್ದರೆ ಅವರ ಕೆ 20, ಬೀಳುತ್ತಿದ್ದುದು 57 ಮಾತ್ರ. ಸಮಬಲದವರ ಎದುರು ಒಂಬತ್ತು ಸುತ್ತಿನಲ್ಲಿ ಒಂದೂವರೆ ಅಂಕ ಆಚೀಚೆ ಆಗುವುದು ತೀರಾ ಮಾಮೂಲು. ನಿನ್ನ ಕೆ ಇರುವಾಗ ಅಷ್ಟಕ್ಕೇ 60 ಏರಿಳಿಯುತ್ತದೆ. ಜೊತೆಗೆ ನಿನ್ನ ಎದುರಾಳಿಗಳಲ್ಲಿ ಹೆಚ್ಚಿನವರು ಬೆಳೆಯುತ್ತಿರುವ ಮಕ್ಕಳು. ಅವರ ಬಲ ರೇಟಿಂಗ್ ಪಟ್ಟಿಗಿಂತ ಮುಂದೆ ಓಡುತ್ತಿರುತ್ತದೆ. ಆದ್ದರಿಂದ ‘ನನಗೆ ಆಟವೇ ಮರೆತುಹೋಯಿತು’ ಎನ್ನುವುದಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ದಣಿವು ಮಾತ್ರ ನಿಜ. ಅದು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ನಿನ್ನ ಸ್ಕೋರ್‌ಶೀಟ್‌ಗಳನ್ನು ಹೊರಗೆ ತೆಗೆ. ನಡೆಗಳ ಪಕ್ಕದಲ್ಲಿ ಉಳಿದ ಸಮಯ ಬರೆಯುವ ಅಭ್ಯಾಸವಿದ್ದರೆ 25ನೇ ನಡೆಯ ಬಳಿ ಏನಿದೆ ನೋಡು. 90 ನಿಮಿಷ, ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ 25 ನಡೆಗೆ ಸೇರುವುದು ಹನ್ನೆರಡೂವರೆ ನಿಮಿಷ. ಗಡಿಯಾರದಲ್ಲಿ ಇನ್ನೂ 80 ನಿಮಿಷ ಉಳಿದಿದ್ದರೆ ನೀನು ಬಳಸಿದ್ದು ಬರೀ ಇಪ್ಪತ್ತೆರಡೂವರೆ ನಿಮಿಷ, ನಡೆಗೆ ಒಂದು ನಿಮಿಷವೂ ಇಲ್ಲ. ಓಪನಿಂಗ್ (ಆರಂಭದ ನಡೆಗಳು) ಮುಗಿದು ಆಟ ಬಿಗಿಯಾಗುವ ಜಾಗದಲ್ಲಿ ಹೀಗೆ ಓಡುತ್ತಿದ್ದರೆ, ‘ಬೇಗ ಮುಗಿದರೆ ಸಾಕು’ ಎಂದು ಒಳಗಿನ ಮನಸ್ಸು ಹೇಳುತ್ತಿದೆ ಎಂದರ್ಥ. ಸೋಲು ಬಂದಿರುವುದು ಆ ಅವಸರದಿಂದ. ಜ್ಞಾನ ಕಡಿಮೆಯಾದ್ದರಿಂದ ಬಂದ ಸೋಲಾದರೆ ಗಡಿಯಾರ ಬೇರೆ ಕಥೆ ಹೇಳುತ್ತದೆ: ಹತ್ತು ಹನ್ನೆರಡು ನಿಮಿಷ ಯೋಚಿಸಿಯೂ ತಪ್ಪು ನಡೆ.

ಮೂರು ಗಂಟೆಯ ಪಜಲ್ ಬಗ್ಗೆ ಒಂದು ಪರೀಕ್ಷೆ. ಒಂದು ದಿನದ ಮೊದಲ ಹತ್ತು ಪಜಲ್, ಕೊನೆಯ ಹತ್ತು ಪಜಲ್, ಎರಡರ ತಪ್ಪುಗಳನ್ನೂ ಎಣಿಸು. ಕೊನೆಯ ಹತ್ತರಲ್ಲಿ ತಪ್ಪು ಇಮ್ಮಡಿಯಾಗಿದ್ದರೆ ಆ ಹೊತ್ತಿನಲ್ಲಿ ನೀನು ಕಲಿಯುತ್ತಿರುವುದು ಊಹೆ ಹೊಡೆಯುವ ಚಟವನ್ನು. ಅದೇ ಚಟ ಟೂರ್ನಮೆಂಟಿನಲ್ಲಿ 25ನೇ ನಡೆಗೆ ಹೊರಬೀಳುತ್ತದೆ. ನಿನ್ನ ಕೋಚ್‌ಗೆ ಈ ಎರಡು ಕಾಗದ ತೋರಿಸು. ಬರೀ ‘ಬೇಜಾರು’ ಅಂದರೆ ಸೋಮಾರಿತನ ಎಂದುಕೊಂಡಾರು, ಲೆಕ್ಕ ಮುಂದಿಟ್ಟರೆ ಕೇಳುತ್ತಾರೆ.

ಈಗ ಮಾಡಬೇಕಾದ್ದು. ಹದಿನಾಲ್ಕು ದಿನ ಪೂರ್ತಿ ನಿಲ್ಲಿಸು. ಮತ್ತೆ ಶುರುಮಾಡುವ ತಾರೀಖನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕು. ತಾರೀಖಿಲ್ಲದ ರಜೆಯಲ್ಲಿ ದಿನಾ ಬೆಳಗ್ಗೆ ‘ಇವತ್ತು ಆಡಲೋ ಬೇಡವೋ’ ಎಂಬ ಜಗಳ ಇರುತ್ತದೆ, ಅದೇ ಇನ್ನೊಂದು ದಣಿವು. ಫೋನಿನಿಂದ ಆ್ಯಪ್ ತೆಗೆದುಹಾಕು, ಬೋರ್ಡ್ ಅಟ್ಟಕ್ಕೆ ಹೋಗಲಿ. ಹೆಚ್ಚಿನವರು ಎಡವುವುದು ಇಲ್ಲೇ. ಆಡುವುದನ್ನು ಬಿಟ್ಟು ದೊಡ್ಡವರ ಆಟದ ನೇರಪ್ರಸಾರ ನೋಡುತ್ತಾ ಕೂರುತ್ತಾರೆ. ಅದು ವಿಶ್ರಾಂತಿಯಲ್ಲ, ತಲೆ ಅಲ್ಲೂ ನಡೆ ಹುಡುಕುತ್ತಲೇ ಇರುತ್ತದೆ. ಐದಾರನೇ ದಿನ ‘ಉಳಿದವರು ಮುಂದೆ ಹೋಗುತ್ತಿದ್ದಾರೆ’ ಎಂಬ ಅಪರಾಧಿ ಭಾವ ಬರುತ್ತದೆ. ಬರಲಿ, ಎರಡು ದಿನಕ್ಕೆ ಇಳಿಯುತ್ತದೆ. ಕಾಲೇಜಿನಲ್ಲಿ ಹಾಕಿ ಸ್ಟಿಕ್ ಸಿಗುತ್ತದಲ್ಲ, ಮಳೆ ಬಿಟ್ಟ ಸಂಜೆಗಳಲ್ಲಿ ಬೆವರು ಬರುವಷ್ಟು ಓಡು.

ಮೂರನೇ ವಾರ ದಿನಕ್ಕೆ ಇಪ್ಪತ್ತೇ ನಿಮಿಷ, ವಾರಕ್ಕೆ ಐದು ದಿನ. ಫೋನ್ ಇಲ್ಲದೆ, ಮರದ ಅಥವಾ ಪ್ಲಾಸ್ಟಿಕ್ ಕಾಯಿಗಳಲ್ಲಿ. ಹೀಗೆ ಜೋಡಿಸು (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಎ, ಬಿ ಎಂದು ಎಚ್‌ವರೆಗೆ, ಕೆಳಗಿನಿಂದ 1ರಿಂದ 8): ಬಿಳಿ ರಾಜ ಎಚ್8, ಬಿಳಿ ಪಾನ್ (ಕಾಲಾಳು) ಸಿ6. ಕಪ್ಪು ರಾಜ ಎ6, ಕಪ್ಪು ಪಾನ್ ಎಚ್5. ಬಿಳಿ ಆಡಿ ಡ್ರಾ ಮಾಡಬೇಕು. ಚೆಸ್ ಮಾಸ್ಟರ್ ರಿಚರ್ಡ್ ರೆಟಿ 1921ರಲ್ಲಿ ಪ್ರಕಟಿಸಿದ ಸಮಸ್ಯೆ ಇದು. ಕಪ್ಪು ಪಾನ್ ಓಡಿಹೋಗುತ್ತಿದೆ, ಬಿಳಿ ರಾಜ ಎರಡು ಮನೆ ಹಿಂದೆ. ತನ್ನ ಪಾನ್ ಕಾಯಲು ಹೋದರೂ ದೂರ, ಕಪ್ಪು ಪಾನನ್ನು ಹಿಡಿಯಲು ಹೋದರೂ ದೂರ. ಆದರೆ ರಾಜ ಓರೆಯಾಗಿ ಜಿ7, ಎಫ್6, ಇ5 ಎಂದು ನಡೆದರೆ ಒಂದೊಂದು ಹೆಜ್ಜೆಯೂ ಎರಡು ಕೆಲಸ ಮಾಡುತ್ತದೆ. ಕಪ್ಪು ರಾಜ ಸಿ6ರ ಪಾನನ್ನು ಹೊಡೆಯಲು ನಿಂತರೆ ಬಿಳಿ ರಾಜ ಎಫ್4ಕ್ಕೆ ಹೋಗಿ ಎಚ್ ಪಾನನ್ನು ಹಿಡಿಯುತ್ತದೆ. ಕಪ್ಪು ಪಾನ್ ಓಡುತ್ತಲೇ ಇದ್ದರೆ ರಾಜ ಡಿ6ಕ್ಕೆ ಬಂದು ತನ್ನ ಪಾನನ್ನು ದಾಟಿಸುತ್ತದೆ. ನಾಲ್ಕೇ ಕಾಯಿ. ಉತ್ತರ ಹೇಳಿಬಿಟ್ಟಿದ್ದೇವೆ, ಆದರೂ ಕೈಯಲ್ಲಿ ಆಡಿಸಿ ನೋಡು. ಆ ರಾಜ ಇ5ಕ್ಕೆ ಬರುವಾಗ ‘ಅರೆ’ ಅನ್ನಿಸಿದರೆ ನಿನ್ನೊಳಗೆ ಆಟ ಬದುಕಿದೆ.

ನಾಲ್ಕನೇ ವಾರ ಗೆಳತಿಯೊಬ್ಬಳ ಜೊತೆ ಎರಡು ನಿಧಾನದ ಆಟ, ತಲಾ 30 ನಿಮಿಷ. ಐದನೇ ವಾರ ಆ ಆಟಗಳನ್ನೇ ಎಂಜಿನ್ (ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕದೆ 20 ನಿಮಿಷ ನೋಡಿ, ಎಲ್ಲಿ ಯೋಜನೆ ತಪ್ಪಿತು ಎಂದು ಎರಡು ಸಾಲು ಬರೆ. ಎಂಜಿನ್ ಅದಾದ ಮೇಲೆ. ಆರನೇ ವಾರ, ಕಡಿಮೆ ಸಮಯದಲ್ಲಿ ಆಡುವ ಒಂದು ರ‍್ಯಾಪಿಡ್ ಟೂರ್ನಮೆಂಟ್. ರ‍್ಯಾಪಿಡ್ ರೇಟಿಂಗ್ ಬೇರೆ ಪಟ್ಟಿ, ನಿನ್ನ 1571ಕ್ಕೆ ಅಲ್ಲಿ ಏನೂ ಆಗುವುದಿಲ್ಲ. ಈ ಆರು ವಾರದಲ್ಲಿ ಹೊಸ ಓಪನಿಂಗ್ ಶುರುಮಾಡಬೇಡ. ದಣಿದ ತಲೆಗೆ ಹೊಸ ಸಾಲುಗಳು ನಿಲ್ಲುವುದಿಲ್ಲ, ಮೊದಲ ಸೋಲಿಗೇ ಮತ್ತೆ ಹತಾಶೆ. ಆಮೇಲೆಯೂ ದಿನಕ್ಕೆ ಒಂದು ಗಂಟೆ ಸಾಕು: 20 ನಿಮಿಷ ಪಜಲ್, 25 ನಿಮಿಷ ಸ್ವಂತ ಆಟ, 15 ನಿಮಿಷ ಎಂಡ್‌ಗೇಮ್.

ಇನ್ನೊಂದು ವಿಷಯ, ಕೊಡಗಿನವರಿಗೇ ಅನ್ವಯಿಸುವುದು. ಜಿಲ್ಲೆಗೆ ರೈಲಿಲ್ಲ. ಬೆಂಗಳೂರಿನ ಟೂರ್ನಮೆಂಟಿಗೆ ರಾತ್ರಿ ಬಸ್ಸು ಹತ್ತಿ, ಘಾಟಿಯ ತಿರುವುಗಳಲ್ಲಿ ಅರೆನಿದ್ದೆ ಮಾಡಿ, ಬೆಳಗ್ಗೆಯೇ ಮೊದಲ ಸುತ್ತಿಗೆ ಕೂರುತ್ತೀರಿ. ದಿನಕ್ಕೆ ಎರಡು ಸುತ್ತಿದ್ದರೆ ಏಳೆಂಟು ಗಂಟೆ ಬೋರ್ಡಿನ ಮುಂದೆ. ಒಂದು ದಿನ ಮೊದಲೇ ಹೋಗಲು ಖರ್ಚಾಗುತ್ತದೆ ಎಂದಾದರೆ ವರ್ಷಕ್ಕೆ ಆರರ ಬದಲು ನಾಲ್ಕೇ ಟೂರ್ನಮೆಂಟ್ ಆಡು, ಅದೇ ದುಡ್ಡಿನಲ್ಲಿ ಆ ರಾತ್ರಿಯ ರೂಮು ಸಿಗುತ್ತದೆ.

ಹದಿನಾಲ್ಕು ದಿನದ ರಜೆ ಮುಗಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಗೆಳತಿಯರ ಜೊತೆಗೂ ಮಾತು ಬೇಡ ಅನ್ನಿಸಿದರೆ ಅದು ಚೆಸ್ಸಿನ ವಿಷಯವಾಗಿ ಉಳಿದಿಲ್ಲ. ಮನೆಯವರಿಗೆ ಹೇಳು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನಗೆ 41. ಸಿದ್ದಾಪುರದ ಕಡೆ ಕಾಫಿ ತೋಟ. ರಾತ್ರಿ ಊಟ ಆದ ಮೇಲೆ ಆನ್‌ಲೈನ್‌ನಲ್ಲಿ ಮೂರು ನಿಮಿಷದ ಆಟ ಶುರುಮಾಡಿದರೆ ನಡುರಾತ್ರಿ ಒಂದು ಗಂಟೆಯವರೆಗೂ ಏಳುವುದಿಲ್ಲ. ಸೋತಷ್ಟೂ ಆಡುತ್ತೇನೆ, ಖುಷಿ ಮಾತ್ರ ಇಲ್ಲ. ಹೆಂಡತಿ ಬೈಯುತ್ತಾಳೆ.

ಉತ್ತರ: ನೀವು ದಣಿದಿರುವುದು ಚೆಸ್ಸಿನಿಂದಲ್ಲ, ಬ್ಲಿಟ್ಸ್ ಎಂಬ ಮಿಂಚಿನ ವೇಗದ ಆಟದಿಂದ. ಮೂರು ನಿಮಿಷದ ಆಟದಲ್ಲಿ ಯೋಚನೆಗೆ ಜಾಗವಿಲ್ಲ, ಹೋದ ಅಂಕ ವಾಪಸ್ ತರುವ ಹಟವೇ ಮುಂದಿನ ಬಟನ್ ಒತ್ತಿಸುತ್ತದೆ. ಸೋಲಿನ ಸಿಟ್ಟಿನಲ್ಲಿ ಆಡಿದ ಆಟಕ್ಕೆ ತಪ್ಪು ಹೆಚ್ಚು, ಮತ್ತೆ ಸೋಲು.

ಮೂರು ಬದಲಾವಣೆ ಮಾಡಿ. ಸತತ ಎರಡು ಸೋಲಾದರೆ ಅಂದಿನ ಆಟ ಮುಗಿಯಿತು. ಎರಡನೆಯ ಗೆಲುವೋ ಮೂರನೆಯ ಗೆಲುವೋ ಬರುವವರೆಗೆ ಎಂದು ನಿಯಮ ಇಟ್ಟುಕೊಳ್ಳಬೇಡಿ, ಅದೇ ಬಲೆ. ಆಟದ ವೇಗ 15 ನಿಮಿಷಕ್ಕೆ 10 ಸೆಕೆಂಡ್ ಸೇರುವಂತೆ ಇಳಿಸಿ, ಒಂದು ಆಟಕ್ಕೆ ಮುಕ್ಕಾಲು ಗಂಟೆಯಾದೀತು, ಒಂದೇ ಆಡಿದರೂ ಹೊಟ್ಟೆ ತುಂಬುತ್ತದೆ. ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ರೇಟಿಂಗ್ ಕಾಣದಂತೆ ಮುಚ್ಚುವ ಸೆಟ್ಟಿಂಗ್ ಇದೆ, ಅದನ್ನು ಹಾಕಿಕೊಳ್ಳಿ. ಅಂಕಿ ಕಣ್ಣಿಗೆ ಬೀಳದಿದ್ದರೆ ವಾಪಸ್ ಗಳಿಸುವ ಹಟ ಅರ್ಧ ಇಳಿಯುತ್ತದೆ. ಹಣ್ಣು ಕೊಯ್ಯುವ ತಿಂಗಳುಗಳಲ್ಲಿ, ಬೆಳಗ್ಗೆ ಆಳುಗಳಿಗಿಂತ ಮೊದಲು ಏಳಬೇಕಾದಾಗ, ಅಂಚೆ ಚೆಸ್ಸಿನ ರೀತಿಯ ಆಟವೇ ಒಳ್ಳೆಯದು: ಒಂದು ನಡೆಗೆ ಮೂರು ದಿನ ಅವಕಾಶ, ಕಣದಲ್ಲಿ ಕಾಫಿ ಒಣಗುವಾಗ ಯೋಚಿಸಿ ಸಂಜೆ ನಡೆ ಕಳಿಸಿದರಾಯಿತು.

ಅರೇಬಿಕಾ ಗಿಡ ಒಂದು ವರ್ಷ ಮಿತಿಮೀರಿ ಕಾಯಿ ಹೊತ್ತರೆ ರೆಂಬೆಯ ತುದಿ ಒಣಗುವುದನ್ನು ನೀವು ಕಂಡಿದ್ದೀರಿ. ಆಗ ಗೊಬ್ಬರ ಸುರಿಯುವುದಕ್ಕಿಂತ ಮೊದಲು ಕಪಾತು ಮಾಡುತ್ತೀರಲ್ಲ. ಇಲ್ಲೂ ಕತ್ತರಿಸಬೇಕಾದ್ದು ರಾತ್ರಿ ಹತ್ತರ ನಂತರದ ಆಟ. ಮನೆಯಾಕೆ ಹೇಳುತ್ತಿರುವುದೂ ಅದನ್ನೇ.

ಪ್ರಶ್ನೆ: ಒಂಬತ್ತು ವರ್ಷದ ಮಗ ಚೆಸ್ ಕ್ಲಾಸಿಗೆ ಹೊರಡುವಾಗ ಅಳುತ್ತಾನೆ. ವರ್ಷದ ಫೀಸು ಕಟ್ಟಿದ್ದೇವೆ. ಬಿಡಿಸಬೇಕೇ, ಒತ್ತಾಯಿಸಬೇಕೇ?
(ತಾಯಿ, ಸೋಮವಾರಪೇಟೆ)

ಉತ್ತರ: ಮಗು ಆಟಕ್ಕೆ ಅಳುತ್ತಿದೆಯೋ ಕ್ಲಾಸಿಗೋ ಎಂದು ಮೊದಲು ಬಿಡಿಸಿ ನೋಡಿ, ಅಮ್ಮ. ಮನೆಯಲ್ಲಿ ತಂಗಿಯ ಜೊತೆಗೋ ತಾತನ ಜೊತೆಗೋ ಬೋರ್ಡ್ ಹಾಕಿ ಕೂರುತ್ತಾನಾದರೆ ತೊಂದರೆ ಕ್ಲಾಸಿನಲ್ಲಿದೆ. ತನಗಿಂತ ಬಹಳ ಬಲಿಷ್ಠರ ಗುಂಪಿನಲ್ಲಿ ಕೂರಿಸಿರಬಹುದು, ಪ್ರತಿ ವಾರ ಸೋಲುತ್ತಿರಬಹುದು. ಗುಂಪು ಬದಲಿಸಲು ಕೇಳಿ. ಹತ್ತು ಆಟದಲ್ಲಿ ಮೂರು ನಾಲ್ಕಾದರೂ ಗೆಲ್ಲುವಂತಿದ್ದರೆ ಈ ವಯಸ್ಸಿನ ಮಕ್ಕಳು ನಿಲ್ಲುತ್ತಾರೆ. ಮನೆಯಲ್ಲೂ ಮುಟ್ಟುವುದಿಲ್ಲವಾದರೆ ಎರಡು ತಿಂಗಳು ಬಿಡಿಸಿ. ಕಟ್ಟಿದ ಫೀಸು ಹೋಯಿತೆಂದೇ ತಿಳಿಯಿರಿ, ಅದಕ್ಕಾಗಿ ಮಗುವನ್ನು ಕಳಿಸಿದರೆ ಹದಿಮೂರಕ್ಕೆ ಚೆಸ್ ಎಂದರೆ ಓಡುತ್ತಾನೆ.

ಆಟ ಮುಗಿಸಿ ಹೊರಗೆ ಬಂದ ಮಗುವಿಗೆ ನಿಮ್ಮ ಮೊದಲ ಮಾತು ‘ಗೆದ್ದೆಯಾ?’ ಆಗದಿರಲಿ. ನೀರು, ತಿಂಡಿ, ಆಮೇಲೆ ‘ಯಾವ ನಡೆ ನಿನಗೆ ಇಷ್ಟವಾಯಿತು, ತೋರಿಸು’. ನಿಮಗೆ ಚೆಸ್ ಬರದಿದ್ದರೂ ತೋರಿಸಲಿ, ತನ್ನ ಕುದುರೆ ಎರಡು ಕಾಯಿಗೆ ಒಟ್ಟಿಗೆ ಹೇಗೆ ಗುರಿಯಿಟ್ಟಿತು ಎಂದು ವಿವರಿಸುವ ಖುಷಿ ದೊಡ್ಡದು. ಬಸ್ಸಿನಲ್ಲಿ ಊರು ತಲುಪುವವರೆಗೆ ಸೋತ ಆಟದ ವಿಚಾರಣೆ ಬೇಡವೇ ಬೇಡ.

ಪ್ರಶ್ನೆ: ಮಾಗ್ನಸ್ ಕಾರ್ಲ್‌ಸನ್ ಆಸಕ್ತಿಯಿಲ್ಲ ಎಂದು ವಿಶ್ವ ಪಟ್ಟ ಬಿಟ್ಟರು. ಅಷ್ಟು ದೊಡ್ಡವರಿಗೂ ಹೀಗಾದರೆ ನಮ್ಮ ಗತಿಯೇನು?
(ಓದುಗರು, ಮಡಿಕೇರಿ)

ಉತ್ತರ: ಅವರು ಚೆಸ್ ಬಿಡಲಿಲ್ಲ. 2013ರಿಂದ 2021ರವರೆಗೆ ಐದು ಸಲ ಪಟ್ಟದ ಪಂದ್ಯ ಗೆದ್ದ ಮೇಲೆ, 2022ರ ಜುಲೈನಲ್ಲಿ ಮತ್ತೊಂದು ಪಟ್ಟದ ಪಂದ್ಯಕ್ಕೆ ಮನಸ್ಸಿಲ್ಲ ಎಂದರು. ಬೇರೆ ಟೂರ್ನಮೆಂಟ್‌ಗಳನ್ನು ಆಡುತ್ತಲೇ ಹೋದರು. ತನ್ನನ್ನು ಹಿಂಡುವ ಭಾಗ ಯಾವುದೆಂದು ಗುರುತಿಸಿ ಅದನ್ನಷ್ಟೇ ಕಳಚಿದ್ದು ನಮಗೆ ಮುಖ್ಯವಾಗಿ ಕಾಣುತ್ತದೆ. 2023ರಲ್ಲಿ ಆ ಪಟ್ಟ ಗೆದ್ದ ಡಿಂಗ್ ಲಿರೆನ್ ಆಮೇಲೆ ಬಹುಕಾಲ ಕಡಿಮೆ ಆಡಿದರು, ಮನಸ್ಸಿನ ಕಷ್ಟವನ್ನು ಬಹಿರಂಗವಾಗಿಯೇ ಹೇಳಿಕೊಂಡರು. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಗುಕೇಶ್ ಎದುರು ಸೋತದ್ದು ಹದಿನಾಲ್ಕನೇ, ಕೊನೆಯ ಆಟದಲ್ಲಿ. ವಿಶ್ವನಾಥನ್ ಆನಂದ್ 2013ರ ನವೆಂಬರಿನಲ್ಲಿ ತಮ್ಮದೇ ಚೆನ್ನೈನಲ್ಲಿ ಪಟ್ಟ ಕಳೆದುಕೊಂಡರು. ನಾಲ್ಕೇ ತಿಂಗಳಲ್ಲಿ, ಪಟ್ಟಕ್ಕೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಮೆಂಟ್ ಗೆದ್ದರು.

ಪ್ರಶ್ನೆ: ಎರಡು ವರ್ಷದಿಂದ ಆಡಿಲ್ಲ. ಈಗ ಮತ್ತೆ ಆಸೆಯಾಗುತ್ತಿದೆ. ನನ್ನ ರೇಟಿಂಗ್ ಅಳಿಸಿಹೋಗಿರುತ್ತದೆಯೇ?
(ಓದುಗರು, ಕುಶಾಲನಗರ)

ಉತ್ತರ: ಇಲ್ಲ. ಒಂದು ವರ್ಷ ರೇಟೆಡ್ ಆಟ ಆಡದಿದ್ದರೆ ಫಿಡೆ ಪಟ್ಟಿಯಲ್ಲಿ ‘ನಿಷ್ಕ್ರಿಯ’ ಎಂದು ಗುರುತಾಗುತ್ತದೆ, ಅಂಕಿ ಹಾಗೇ ಉಳಿಯುತ್ತದೆ. ಮತ್ತೆ ರೇಟೆಡ್ ಆಟ ಆಡಿದಾಗ ಗುರುತು ಹೋಗುತ್ತದೆ. 2024ರ ಮಾರ್ಚ್‌ಗೆ ಮೊದಲೇ ನಿಲ್ಲಿಸಿದ್ದವರಾದರೆ ಪಟ್ಟಿ ನೋಡಿ ಆಶ್ಚರ್ಯವಾದೀತು. ಆಗ ಫಿಡೆ 2000ಕ್ಕಿಂತ ಕೆಳಗಿನವರೆಲ್ಲರಿಗೂ, 2000ಕ್ಕೆ ಎಷ್ಟು ಕಡಿಮೆಯಿತ್ತೋ ಅದರ ಶೇ 40ರಷ್ಟು ಸೇರಿಸಿತು. 1300 ಇದ್ದವರು 1580 ಆದರು. ಎದುರಾಳಿಗಳದ್ದೂ ಹಾಗೇ ಏರಿದೆ, ಆದ್ದರಿಂದ ಅದನ್ನು ಉಳಿಸಿಕೊಳ್ಳುವ ಚಿಂತೆ ಹಚ್ಚಿಕೊಳ್ಳದೆ ಮೊದಲ ಟೂರ್ನಮೆಂಟಿಗೆ ಹತ್ತಿರದ ಮೈಸೂರನ್ನೋ ನಿಮ್ಮೂರಿನದನ್ನೋ ಆರಿಸಿ, ಹಿಂದಿನ ರಾತ್ರಿ ಮನೆಯಲ್ಲೇ ಮಲಗಿ ಹೋಗುವಂತಿರಲಿ.