ಹೊತ್ತು ನೋಡಿ ಬಾರದ ಅಗತ್ಯಗಳು

ಮಾನ್ಯರೇ,

ಎಂಬತ್ತಾರು ವರ್ಷದ ತಂದೆಯವರಿಗೆ ಮರೆವು ಹೆಚ್ಚುತ್ತಿದೆ, ಅವರನ್ನು ನೋಡಿಕೊಳ್ಳುವ ತಾಯಿಯವರಿಗೆ ಮಂಡಿನೋವು, ಮನೆಗೇ ಆರೈಕೆಯವರನ್ನು ಕರೆಸೋಣ ಎನ್ನುವ ಅಣ್ಣನಿಗೂ ಆರೈಕೆ ಸೌಲಭ್ಯವಿರುವ ಹಿರಿಯರ ವಸತಿಯೇ ಕ್ಷೇಮ ಎನ್ನುವ ನಿಮಗೂ ಈಗ ಮಾತೇ ನಿಂತುಹೋಗಿದೆ ಎಂದು ಬರೆದಿದ್ದೀರಿ. ಯಾರು ಸರಿ ಎಂಬುದು ನಿಮ್ಮ ಪ್ರಶ್ನೆ.

ತಂದೆಯವರು ರಾತ್ರಿ ಮೂರು ಬಾರಿ ಏಳುತ್ತಾರೆ ಎಂಬ ಸಂಗತಿ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗಿದೆ. ನನಗೆ ಇಡೀ ಪತ್ರದ ತಿರುಳು ಅಲ್ಲೇ ಇದೆ ಅನ್ನಿಸಿತು. ವಾರಕ್ಕೆ 168 ಗಂಟೆ. ದಿನಕ್ಕೆ 8 ಗಂಟೆ ಆರೈಕೆಯವರು ಬಂದರೂ 56 ಗಂಟೆಯಷ್ಟೇ ಆಗುತ್ತದೆ. ಮಿಕ್ಕ 112 ಗಂಟೆ, ಎಲ್ಲ ರಾತ್ರಿಗಳೂ ಸೇರಿ, ತಾಯಿಯವರ ಪಾಲಿಗೆ ಉಳಿಯುತ್ತವೆ. ನನ್ನ ತಾಯಿಯ ಜೊತೆಗೂ ಹಗಲಿಡೀ ಒಬ್ಬರಿದ್ದರು, ಔಷಧಿ, ಸ್ನಾನ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಒಂದು ರಾತ್ರಿ ಎಚ್ಚರವಾಗಿ ಎದ್ದು ನೋಡಿದರೆ, ದೀಪ ಹಾಕದೆ, ಒಂದು ಕೈ ಗೋಡೆಗೆ ಊರಿ, ಸದ್ದಾಗಿ ನಮಗೆ ನಿದ್ದೆಗೆಡಬಾರದೆಂದು ಚಪ್ಪಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಾಯಿ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಹಗಲಿನ ವ್ಯವಸ್ಥೆಯನ್ನೇ ನಂಬಿ ಎಷ್ಟು ನಿಶ್ಚಿಂತರಾಗಿದ್ದೆವು ಎಂಬುದು ನನಗೆ ಆ ಹೊತ್ತು ತಿಳಿಯಿತು.

ಹಿರಿಯರ ಸ್ವಾವಲಂಬನೆಯನ್ನು ಅಳೆಯಲು ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ 6 ಸಂಗತಿಗಳಿವೆ: ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆ ಕುರ್ಚಿಗಳಿಂದ ಎದ್ದು ಕೂರುವುದು, ಮಲಮೂತ್ರದ ಹಿಡಿತ ಮತ್ತು ಉಣ್ಣುವುದು. ಇವುಗಳಲ್ಲಿ ಸ್ನಾನಕ್ಕೂ ಬಟ್ಟೆಗೂ ಹೊತ್ತು ಗೊತ್ತುಮಾಡಬಹುದು. ಶೌಚಕ್ಕೆ, ಏಳುವುದಕ್ಕೆ ಅದು ಸಾಧ್ಯವಿಲ್ಲ. ನೆರವು ಬೇಕಿರುವುದು ಮೊದಲ ಬಗೆಯದಕ್ಕೆ ಮಾತ್ರವಾದರೆ ಅಣ್ಣನ ಮಾತೇ ಸರಿ, ಪರಿಚಿತ ಮನೆ ಮರೆವಿರುವವರಿಗೆ ದೊಡ್ಡ ಆಸರೆ. ಎರಡನೆಯ ಬಗೆಯದಕ್ಕೂ ಬೇಕಾಗಿದ್ದರೆ ರಾತ್ರಿಗೂ ಒಬ್ಬರನ್ನು ನೇಮಿಸಬೇಕು, ಇಲ್ಲವೇ ವಸತಿಯ ದಾರಿ ಹಿಡಿಯಬೇಕು. ಆ ಭಾರವನ್ನು ತಾಯಿಯವರ ಮೇಲೆ ಬಿಡುವುದನ್ನು ನಾನು ಒಪ್ಪಲಾರೆ.

ವಸತಿಯೆಂದರೆ ಆಸ್ಪತ್ರೆಯಲ್ಲ, ಎಲ್ಲ ಕಡೆ ಸದಾ ನರ್ಸ್ ಇರುತ್ತಾರೆಂದೂ ಭಾವಿಸಬೇಡಿ. ರಾತ್ರಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ, ತಂದೆತಾಯಿ ಇಬ್ಬರೂ ಒಂದೇ ಕೋಣೆಯಲ್ಲಿ ಇರಬಹುದೇ, ಮರೆವು ಉಲ್ಬಣಿಸಿದರೆ ಅಲ್ಲೇ ಇರಿಸಿಕೊಳ್ಳುತ್ತಾರೆಯೇ ಅಥವಾ ಬೇರೆಡೆಗೆ ಹೋಗಿ ಎನ್ನುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಜಾಗ ಬದಲಾದಾಗ ಮರೆವಿನ ರೋಗಿಗಳ ಗೊಂದಲ ಕೆಲಕಾಲ ಹೆಚ್ಚಾಗಬಹುದು; ಕೆಲವು ವಾರಗಳ ತಾತ್ಕಾಲಿಕ ವಾಸಕ್ಕೆ ಅವಕಾಶವಿದ್ದರೆ ಮೊದಲು ಅದನ್ನೇ ಮಾಡಿ ನೋಡಿ.

ತಂದೆಯವರಿಗೂ ತಿಳಿಯುವಷ್ಟು ತಿಳಿಸಿ, ಅವರ ಇಷ್ಟವನ್ನು ಕೇಳಿ. ತಾಯಿಯವರನ್ನು ಮಾತ್ರ ಒಬ್ಬರೇ ಇರುವಾಗ ಕೇಳಿ. ‘ನನಗೇನೂ ಕಷ್ಟವಿಲ್ಲ’ ಎಂದೇ ಹೇಳಿಯಾರು. ಆದ್ದರಿಂದ ಅಣ್ಣನೂ ನೀವೂ ಸರದಿಯ ಮೇಲೆ ಎರಡು ವಾರ ಆ ಮನೆಯಲ್ಲಿ ಮಲಗಿ, ಯಾರು ಎಷ್ಟು ಹೊತ್ತಿಗೆ ಎದ್ದರು, ಯಾರು ಯಾರನ್ನು ಹಿಡಿದೆತ್ತಿದರು ಎಂದು ಒಂದೇ ಪುಸ್ತಕದಲ್ಲಿ ಬರೆದಿಡಿ. ನಿಂತ ಮಾತನ್ನು ಆ ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಆರಂಭಿಸಿ.

— ಸಂಪಾದಕ